ಸ್ಕೂಲ್ ಬಸ್ಸಿಗೆ ಸ್ಲೈಡ್-ಔಟ್ ಹಾಕಿಸೋರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿದ್ದು, ಹಳೇ ಸ್ಕೂಲ್ ಬಸ್ಸನ್ನು ಹರಾಜಿನಲ್ಲಿ ಹಿಡಿದು ಓಡಾಡೋ ಮನೆ ಮಾಡಿಸ್ತಿರೋ ಕನ್ನಡಿಗರು ಈಗ ಅಲ್ಲಲ್ಲಿ ಕಾಣಿಸ್ತಿದ್ದಾರೆ. ಅವರಲ್ಲಿ ಯಾರಾದ್ರೂ "ಒಳಗೆ ಜಾಗ ಸಾಲಲ್ಲ, ಪಕ್ಕದ ಗೋಡೆ ಕತ್ತರಿಸಿ ಸ್ಲೈಡ್-ಔಟ್ ಹಾಕಿಸಿಬಿಡೋಣ" ಅಂದುಕೊಂಡಿದ್ರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಸ್ಲೈಡ್-ಔಟ್ ಅಂದ್ರೆ ಬಸ್ ನಿಂತಾಗ ಗೋಡೆಯಿಂದ ಡ್ರಾಯರಿನ ಹಾಗೆ ಹೊರಗೆ ಚಾಚೋ ಬಾಕ್ಸ್. ಬಸ್ಸನ್ನು ಮನೆ ಮಾಡಿಕೊಡೋ ಟೆಕ್ಸಾಸಿನ ಒಂದು ಕನ್ವರ್ಷನ್ ಶಾಪ್ ನಮಗೆ ಪಂಗನಾಮ ಹಾಕಿದೆ. ವ್ಯವಹಾರ ಇನ್ನೂ ಮುಗಿದಿಲ್ಲ, ಹಾಗಾಗಿ ಹೆಸರು ಹೇಳಲ್ಲ. ನಾಲ್ಕು ಜನರ ಮುಂದೆ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತಿದ್ದೀವಿ. ಇನ್ನೊಬ್ಬರ ಬಸ್ಸಿಗೂ ಆ ಶಾಪಿನಾತ ಕತ್ತರಿ ಹಾಕೋದು ಬೇಡ.

ಮೊದಲು ಆತ ಹೇಳಿದ್ದೇನು ಕೇಳಿ. "ಹತ್ತಡಿ ಉದ್ದದ ಬಾಕ್ಸ್, ಎರಡೂವರೆ ಅಡಿ ಹೊರಗೆ ಬರುತ್ತೆ, ಬಟನ್ ಒತ್ತಿದ್ರೆ ಸಾಕು, ಸೋಫಾ ಸಮೇತ ಹಾಲ್ ಆಗುತ್ತೆ." ಮೋಟರ್ ತೋರಿಸಿದ, ಗೇರ್ ಹಲ್ಲಿರೋ ಪಟ್ಟಿ ತೋರಿಸಿದ, ರಿಮೋಟ್ ತೋರಿಸಿದ, ಶೋರೂಮಿನಲ್ಲಿ ಆಡಿಸಿಯೂ ತೋರಿಸಿದ. ಗೋಡೆಯಲ್ಲಿ ಕೊರೆಯೋ ಆ ದೊಡ್ಡ ತೂತಿನ ಸುತ್ತ ಏನು ಕಟ್ತೀನಿ ಅನ್ನೋದನ್ನು ಮಾತ್ರ ತೋರಿಸಲಿಲ್ಲ. ಕೇಳಿದ್ರೆ "ಡ್ರಾಯಿಂಗ್ ಎಲ್ಲಾ ನನ್ನ ತಲೇಲಿದೆ" ಅಂದ.

ಆ ತೂತೇ ಇಡೀ ಕೆಲಸ. ಮೋಟರ್ ಅಲ್ಲ, ಬಾಕ್ಸ್ ಅಲ್ಲ, ತೂತಿನ ಸುತ್ತ ಇರಬೇಕಾದ ಚೌಕಟ್ಟು.

ಯಾಕೆ ಅಂತ ಬಿಡಿಸಿ ಹೇಳ್ತೀನಿ. ಸ್ಕೂಲ್ ಬಸ್ಸಿನ ಬಾಡಿಯನ್ನು ಹಿಡಿದಿರೋದು ಅದರ ಉಕ್ಕಿನ ಕಮಾನುಗಳು. ಒಂದು ಪಕ್ಕದ ನೆಲದಿಂದ ಎದ್ದು, ಚಾವಣಿ ದಾಟಿ, ಇನ್ನೊಂದು ಪಕ್ಕದ ನೆಲದವರೆಗೆ ಬಹುತೇಕ ಬಸ್ಸುಗಳಲ್ಲಿ ಒಂದೇ ತುಂಡಾಗಿ ಬಾಗಿ ಬರುತ್ತವೆ. ಎರಡು ಕಿಟಕಿಗಳ ನಡುವೆ ಒಂದೊಂದು, ಎರಡಡಿಗಿಂತ ಸ್ವಲ್ಪ ಹೆಚ್ಚು ಅಂತರದಲ್ಲಿ. ಹೊರಗಿನ ತಗಡು, ಒಳಗಿನ ತಗಡು, ಉದ್ದಕ್ಕೂ ಓಡೋ ರಬ್ ರೈಲು (ಹೊರಮೈಯ ಉಬ್ಬಿದ ಉಕ್ಕಿನ ಪಟ್ಟಿ) ಎಲ್ಲಾ ರಿವೆಟ್ಟಿನಲ್ಲಿ ಇವಕ್ಕೇ ಬಿಗಿದಿರುತ್ತವೆ. 1977ರಿಂದ ಜಾರಿಯಲ್ಲಿರೋ ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ನಿಯಮ 220ರ ಪ್ರಕಾರ ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರ ಚಾವಣಿ ಮೇಲೆ ಹೇರಿದ್ರೂ ಅದು 130 ಮಿಲಿಮೀಟರ್‌ಗಿಂತ, ಅಂದ್ರೆ ಐದು ಇಂಚು ಚಿಲ್ಲರೆಗಿಂತ, ಹೆಚ್ಚು ತಗ್ಗಬಾರದು. ನಿಯಮ 221ರ ಪ್ರಕಾರ ತಗಡು ತಗಡು ಸೇರೋ ಜಾಗಕ್ಕೆ ಆ ತಗಡಿನ ಬಲದ ಕನಿಷ್ಠ ಶೇಕಡಾ 60 ಭಾಗ ಇರಲೇಬೇಕು. ಜನ ಆರ್‌ವಿ (ಕಾರ್ಖಾನೆಯಲ್ಲೇ ಮಾಡಿದ ಓಡಾಡೋ ಮನೆ) ಬಿಟ್ಟು ಸ್ಕೂಲ್ ಬಸ್ ಹಿಡಿಯೋದೇ ಈ ಗಟ್ಟಿತನಕ್ಕೆ. ಹತ್ತಡಿ ಸ್ಲೈಡ್ ಅಂದ್ರೆ ಒಂದು ಪಕ್ಕದ ನಾಲ್ಕು ಕಮಾನು ಕಡಿದ ಹಾಗೆ. ಕಡಿದ ಆ ನಾಲ್ಕರ ಭಾರ ಹೊತ್ತು, ಕಡಿಯದೇ ಉಳಿದ ಆಚೀಚೆಯ ಕಮಾನುಗಳಿಗೆ ದಾಟಿಸೋಕೆ ಮೇಲೊಂದು ತೊಲೆ ಬೇಕು. ಆ ತೊಲೆ ಹೊರೋಕೆ ಎರಡೂ ತುದಿಗೆ ಕಂಬ ಬೇಕು. ಕಂಬದ ಭಾರ ನೆಲದ ತಗಡಿನ ಮೇಲೆ ನಿಲ್ಲದೆ ಅಡ್ಡಪಟ್ಟಿ ಮೂಲಕ ಚಾಸಿಗೆ (ಬಸ್ಸಿನ ಅಡಿಯ ಉಕ್ಕಿನ ಫ್ರೇಮಿಗೆ) ಇಳಿಯಬೇಕು.

ನಮ್ಮ ಬಸ್ಸಿನಲ್ಲಿ ಆತ ಹಾಕಿದ್ದು ಒಂದೂವರೆ ಇಂಚಿನ ಚೌಕದ ತೆಳು ಪೈಪ್. ಫರ್ನಿಚರ್ ಮಾಡೋ ಪೈಪ್. ಅದೂ ಹೋಗಲಿ, ಆ ಪೈಪಿನ ತುದಿ ಎಲ್ಲಿ ನಿಂತಿದೆ ಅಂತ ಗೊತ್ತಾದಾಗ ಮೈ ಉರಿದುಹೋಯ್ತು. ಟ್ರಕ್ ಫ್ರೇಮ್ ಕೆಲಸ ಮಾಡೋ ಒಬ್ಬ ವೆಲ್ಡರನ್ನು ಕರೆಸಿ ಒಳಗಿನ ಪ್ಲೈವುಡ್ ಪಟ್ಟಿ ಬಿಚ್ಚಿಸಿದ್ವಿ. ಪೈಪು ಪಕ್ಕದ ಕಮಾನಿಗೆ ಎರಡು ಬೆರಳಷ್ಟು ದೂರದಲ್ಲೇ ನಿಂತುಬಿಟ್ಟಿದೆ! ಕಮಾನಿಗೆ ಮುಟ್ಟೇ ಇಲ್ಲ. ಹೊರಗಿನ ತಗಡಿಗೆ ನಾಲ್ಕು ಚುಕ್ಕಿ ವೆಲ್ಡ್ ಇಟ್ಟು, ನಡುವಿನ ಸಂದಿಗೆ ಸ್ಪ್ರೇ ಫೋಮ್ ತುಂಬಿ, ಮೇಲೆ ಸೀಲೆಂಟ್ ಬಳಿದು, ಬಣ್ಣ ಹೊಡೆದಿದ್ದಾನೆ. ಬಣ್ಣ! ತಗಡಿನ ಮೇಲಿನ ಸತುವನ್ನೂ ಉಜ್ಜಿ ತೆಗೆದಿಲ್ಲ, ವೆಲ್ಡ್ ತುಂಬಾ ಸೂಜಿ ತೂತು. ಆ ವೆಲ್ಡರ್ ಸ್ಕ್ರೂಡ್ರೈವರ್ ತುದಿ ಇಟ್ಟು ಮೀಟಿದ್ದಷ್ಟೇ, ಒಂದು ಚುಕ್ಕಿ ಕಳಚಿ ಕೈಗೇ ಬಂತು. ಅಲ್ಲಿವರೆಗೆ ನಮ್ಮ ತಲೆ ಮೇಲಿನ ಚಾವಣಿಗೆ ಆ ಪಕ್ಕದಲ್ಲಿ ಫೋಮೇ ಆಧಾರ ಅನ್ನೋ ಹಾಗಿತ್ತು.

ಫೋಟೋ ಕಳಿಸಿದ್ದಕ್ಕೆ ಆತನ ಉತ್ತರ: "ಅದು ಕಾಸ್ಮೆಟಿಕ್, ಸ್ಟ್ರಕ್ಚರಲ್ ಅಲ್ಲ."

ನಾಲ್ಕು ಕಮಾನು ಕಡಿದ ಜಾಗದ ತೊಲೆ ಕಾಸ್ಮೆಟಿಕ್ ಅಂತೆ.

ಆದ್ರೆ ಇದು ಗೊತ್ತಾಗಿದ್ದು ಆಮೇಲೆ. ಮೊದಲು ಶುರುವಾಗಿದ್ದು ಸ್ಲೈಡ್ ಸಿಕ್ಕಿಹಾಕಿಕೊಳ್ಳೋದು. ಮಳೆಗಾಲದಲ್ಲಿ ಉಬ್ಬಿದ ಮರದ ಡ್ರಾಯರ್ ಎಳೆದ ಹಾಗೆ, ಒಂದು ತುದಿ ಮುಂದೆ, ಇನ್ನೊಂದು ಹಿಂದೆ, ಕಿರ್ರ್ ಅಂತ ನಿಂತುಬಿಡೋದು. ಆತ ಹಾಕಿದ್ದು ಗೋಡೆಯೊಳಗೆ ಕೂರೋ ಜಾತಿಯ ಮೆಕಾನಿಸಂ. ಬಾಕ್ಸಿನ ಎರಡೂ ಪಕ್ಕಕ್ಕೆ ಮೇಲೊಂದು ಕೆಳಗೊಂದು ಗೇರ್ ಪಟ್ಟಿ, ಪಕ್ಕಕ್ಕೊಂದೊಂದು ಪ್ರತ್ಯೇಕ ಮೋಟರ್. ಎರಡು ಮೋಟರೂ ಸಮ ಓಡೋ ಹಾಗೆ ಕಂಟ್ರೋಲರ್ ನೋಡಿಕೊಳ್ಳುತ್ತೆ. ಕಾರ್ಖಾನೆಯಲ್ಲೇ ಚೌಕವಾಗಿ ಕಟ್ಟಿದ ಆರ್‌ವಿ ಗೋಡೆಗೆ ಅದು ಒಳ್ಳೇ ವಸ್ತು, ಅದರಲ್ಲಿ ತಪ್ಪೇನಿಲ್ಲ. ತೂತೇ ಸೊಟ್ಟಗಾದ್ರೆ ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ. ಬಿಗಿಯಾದ ಕಡೆ ಮೋಟರ್ ಹಿಂದೆ ಬೀಳುತ್ತೆ, ಸಮ ತಪ್ಪುತ್ತೆ, ಬಲವಂತ ಮಾಡಿದ್ರೆ ಅಲ್ಯೂಮಿನಿಯಂ ಪಟ್ಟಿಯ ಹಲ್ಲು ಸವೆದು ಪುಡಿ ಉದುರುತ್ತೆ. ನಮ್ಮದರಲ್ಲಿ ಕೆಳಗಿನ ಪಟ್ಟಿಯ ಹೊಸ್ತಿಲಿನ ಮೇಲೆ ಬೆಳ್ಳಿ ಬಣ್ಣದ ಪುಡಿ ರಾಶಿ.

"ಬ್ಯಾಟರಿ ವೀಕ್ ಇರಬೇಕು" ಅಂದ. ವೋಲ್ಟೇಜ್ ಕಡಿಮೆಯಾದ್ರೆ ಸಮ ತಪ್ಪೋದು ನಿಜ, ಅದಕ್ಕೆ ಹೊಸ ಬ್ಯಾಟರಿ ಹಾಕಿ ನೋಡಿದ್ವಿ, ಅದೇ ಕಥೆ. "ಸೋಫಾ ಭಾರ ಜಾಸ್ತಿ" ಅಂದ. ಸೋಫಾ ಆತನೇ ಇಟ್ಟಿದ್ದು! "ಮೋಟರ್ ಕಂಪನಿಗೆ ಫೋನ್ ಮಾಡಿ" ಅಂದ. ಆಮೇಲೆ "ಬಸ್ ಅಂದ್ಮೇಲೆ ಸ್ವಲ್ಪ ಅಲ್ಲಾಡುತ್ತೆ, ಮಟ್ಟಸ ಜಾಗದಲ್ಲೇ ತೆಗೀಬೇಕು" ಅಂದ. ಇದನ್ನು ದುಡ್ಡು ಇಸ್ಕೊಳ್ಳೋ ಮುಂಚೆ ಯಾಕಪ್ಪಾ ಹೇಳಲಿಲ್ಲ? ರೆಸ್ಟ್ ಏರಿಯಾ, ನ್ಯಾಷನಲ್ ಪಾರ್ಕಿನ ಕ್ಯಾಂಪ್ ಸೈಟು, ಎಲ್ಲಿದೆ ಮಟ್ಟಸ ಜಾಗ?

ಬಸ್ ಅಲ್ಲಾಡೋದು ಸುಳ್ಳಲ್ಲ. ಬಾಡಿ ಒಂದು, ಚಾಸಿ ಒಂದು. ನಡುವೆ ರಬ್ಬರ್ ಇಟ್ಟು ಕ್ಲಿಪ್ಪಿನಿಂದ ಹಿಡಿದಿರೋದು. ಒಂದು ಚಕ್ರ ಹಳ್ಳಕ್ಕಿಳಿದ್ರೆ ಫ್ರೇಮ್ ತಿರುಚುತ್ತೆ, ಬಾಡಿಯೂ ಜೊತೆಗೆ ಸ್ವಲ್ಪ ತಿರುಚುತ್ತೆ. ತೂತಿನ ಸುತ್ತ ಸರಿಯಾದ ಚೌಕಟ್ಟಿದ್ರೆ ಆ ತಿರುಚು ತೂತಿಗೆ ಬರಲ್ಲ, ಇಲ್ಲದಿದ್ರೆ ಪೂರ್ತಿ ಅಲ್ಲಿಗೇ ಬರುತ್ತೆ. ಇದನ್ನು ಪತ್ತೆ ಹಚ್ಚೋಕೆ ಒಂದು ಟೇಪ್, ಒಂದು ಮರದ ದಿಮ್ಮಿ ಸಾಕು. ಮೊದಲು ಮಟ್ಟಸ ನೆಲದ ಮೇಲೆ ತೂತಿನ ಎರಡೂ ಕರ್ಣ ಅಳೆಯಿರಿ, ಮೂಲೆಯಿಂದ ಎದುರು ಮೂಲೆಗೆ. ವ್ಯತ್ಯಾಸ ಎಂಟನೇ ಒಂದು ಇಂಚು ಮೀರಬಾರದು. ಆಮೇಲೆ ಹಿಂದಿನ ಒಂದು ಚಕ್ರವನ್ನು ಆರು ಇಂಚಿನ ದಿಮ್ಮಿ ಮೇಲೆ ಹತ್ತಿಸಿ ಮತ್ತೆ ಅಳೆಯಿರಿ. ನಮ್ಮದು 120 ಇಂಚು ಅಗಲ, 66 ಇಂಚು ಎತ್ತರದ ತೂತು. ಮಟ್ಟಸ ನೆಲದಲ್ಲಿ ಎರಡೂ ಕರ್ಣ 137 ಇಂಚು. ಚಕ್ರ ಹತ್ತಿಸಿದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ! ಮುಕ್ಕಾಲು ಇಂಚು ಸೊಟ್ಟಗಾದ ಬಾಗಿಲಲ್ಲಿ ಯಾವ ಮೋಟರ್ ಓಡುತ್ತೆ? ಈ ಅಳತೆಯ ವಿಡಿಯೋ ಕಳಿಸಿದ್ವಿ. "ಎಲ್ಲಾ ಬಸ್ಸೂ ಹೀಗೇ" ಅಂತ ಒಂದು ಸಾಲು ಬಂತು. ಅಷ್ಟೇ. ಅವತ್ತೇ ಗೊತ್ತಾಯ್ತು ಕಿವಿ ಮೇಲೆ ಹೂವಿಟ್ಟಿದ್ದಾನೆ ಅಂತ.

ನೀರಿನ ವಿಷಯ ಬೇರೆ. ಸ್ಲೈಡಿಗೆ ಎರಡು ಜಾಗದಲ್ಲಿ ಸೀಲ್ ಕೂರಬೇಕು. ಹೊರಗೆ ಬಂದಾಗ ಒಳಗಿನ ಅಂಚು ಒತ್ತಬೇಕು, ಒಳಗೆ ಹೋದಾಗ ಹೊರಗಿನ ಅಂಚು ಒತ್ತಬೇಕು. ಎರಡಕ್ಕೂ ಸಪಾಟಾದ ಮೈ ಬೇಕು. ಸ್ಕೂಲ್ ಬಸ್ಸಿನ ಪಕ್ಕ ಸಪಾಟಿಲ್ಲ, ರಬ್ ರೈಲು ಉಬ್ಬಿರುತ್ತೆ, ರಿವೆಟ್ ತಲೆ ಸಾಲಾಗಿ ಎದ್ದಿರುತ್ತೆ. ತೂತಿನ ಸುತ್ತ ರೈಲು ಕತ್ತರಿಸಿ, ಸಪಾಟಾದ ಉಕ್ಕಿನ ಚೌಕಟ್ಟು ಕೂರಿಸಿ, ಕತ್ತರಿಸಿದ ರೈಲಿನ ತುದಿಗಳನ್ನು ಅದಕ್ಕೇ ವೆಲ್ಡ್ ಮಾಡಬೇಕು, ಯಾಕಂದ್ರೆ ಪಕ್ಕದ ಗಟ್ಟಿತನದಲ್ಲಿ ಆ ರೈಲಿಗೂ ಪಾಲಿದೆ. ಆತ ರಿವೆಟ್ ತಲೆಗಳ ಮೇಲೇ ರಬ್ಬರ್ ಅಂಟಿಸಿದ್ದಾನೆ. ಎರಡು ರಿವೆಟ್ ನಡುವಿನ ಸಂದಿಯಲ್ಲಿ ಬೆಳಕೇ ಕಾಣುತ್ತೆ, ಇನ್ನು ನೀರು ಬರಲ್ವಾ? ಬಾಕ್ಸಿನ ಮೇಲ್ಮೈಗೆ ಇಳಿಜಾರೂ ಕೊಟ್ಟಿಲ್ಲ; ಪ್ರತಿ ಅಡಿಗೆ ಕಾಲು ಇಂಚಾದ್ರೂ ಹೊರಗಡೆಗೆ ಇಳಿಜಾರಿರಬೇಕು, ಇಲ್ಲದಿದ್ರೆ ನಿಂತ ನೀರೆಲ್ಲಾ ಸ್ಲೈಡ್ ಒಳಗೆಳೆದಾಗ ಮನೆಯೊಳಗೇ ಬರುತ್ತೆ. ಬಾಕ್ಸಿನ ತಳಕ್ಕೆ ಹಾಕಿರೋದು ಮರದ ಚೂರು ಒತ್ತಿ ಮಾಡಿದ ಹಲಗೆ, ಕೆಳಗಡೆ ಬಣ್ಣವೂ ಇಲ್ಲ. ಅಂಚು ನೀರು ಕುಡಿದು ಊದಿಕೊಂಡು, ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಎದ್ದು ಬರ್ತಿದೆ. ಮಗುವಿನ ಹಾಸಿಗೆ ಒದ್ದೆಯಾಗಿದ್ದು ನೋಡಿ ಹೊಟ್ಟೆ ಉರೀತು.

ಇನ್ನೂ ಇದೆ. ಅಡ್ಡಪಟ್ಟಿಯನ್ನು ಚಾಸಿ ರೈಲಿನ (ಚಾಸಿಯ ಉದ್ದಕ್ಕೂ ಇರೋ ತೊಲೆಯ) ಕೆಳಗಿನ ಅಂಚಿಗೆ ನೇರ ವೆಲ್ಡ್ ಮಾಡಿದ್ದಾನೆ. ಟ್ರಕ್ ಚಾಸಿ ಗೊತ್ತಿರೋ ಯಾರೂ ಇದನ್ನು ಮಾಡಲ್ಲ. ರೈಲಿನ ಮೇಲಿನ ಕೆಳಗಿನ ಅಂಚಿಗೆ ತೂತು ಕೊರೆಯೋ ಹಾಗಿಲ್ಲ, ವೆಲ್ಡ್ ಮಾಡೋ ಹಾಗಿಲ್ಲ, ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ನಿಂತಿರೋ ನಡುಭಾಗಕ್ಕೆ ಬೋಲ್ಟ್ ಹಾಕಬೇಕು. ವೆಲ್ಡ್ ಮಾಡುವಾಗ ಬ್ಯಾಟರಿ ಕಳಚಿ, ಎಂಜಿನ್, ಗೇರ್‌ಬಾಕ್ಸ್, ಎಬಿಎಸ್ ಕಂಪ್ಯೂಟರುಗಳ ಪ್ಲಗ್ ತೆಗೆದಿಡಬೇಕು. ತೆಗೆದಿದ್ನಾ ಅಂತ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಇಲ್ಲ. ಬಸ್ ವಾಪಸ್ ಬಂದಾಗಿನಿಂದ ಎಬಿಎಸ್ ದೀಪ ಆರಿಲ್ಲ. ಬಹಳಷ್ಟು ಬಸ್ಸುಗಳಲ್ಲಿ ಹಿಂದಿನ ದೀಪಗಳ ವೈರ್ ಕಿಟಕಿಗಳ ಮೇಲಿನ ಪಟ್ಟಿಯೊಳಗೇ ಹೋಗಿರುತ್ತೆ, ಕತ್ತರಿಸೋ ಮುಂಚೆ ಅದನ್ನೂ ಸರಿಸಬೇಕು. ನಮ್ಮದರಲ್ಲಿ ಕತ್ತರಿಸಿ, ಟೇಪ್ ಸುತ್ತಿ ಜೋಡಿಸಿದ್ದಾನೆ.

ಹಾಗಂತ ಸ್ಲೈಡ್ ಆಗೋದೇ ಇಲ್ಲ ಅಂತಲ್ಲ. ಚೆನ್ನಾಗಿ ಮಾಡಿದೋರೂ ಇದ್ದಾರೆ. ಅವರ ಕೆಲಸ ನೋಡಿದ್ರೆ ತೂತು ಚಿಕ್ಕದು, ಎರಡು ಮೂರು ಕಮಾನಿನಷ್ಟೇ. ಮೆಕಾನಿಸಂ ಬಹುತೇಕ ನೆಲದ ಕೆಳಗಿನ ರ್‍ಯಾಕ್ ಅಂಡ್ ಪಿನಿಯನ್ (ಹಲ್ಲಿನ ಪಟ್ಟಿ ಮತ್ತು ಅದನ್ನು ತಳ್ಳೋ ಗೇರ್ ಚಕ್ರ), ಎರಡೂ ತೋಳನ್ನು ಒಂದೇ ಶಾಫ್ಟ್ ತಿರುಗಿಸೋದರಿಂದ ಒಂದು ಕಡೆ ಹಿಂದೆ ಬೀಳೋ ಮಾತೇ ಇಲ್ಲ. ಆದ್ರೆ ಕೆಳಗೆ ಡ್ರೈವ್ ಶಾಫ್ಟ್, ಏರ್ ಟ್ಯಾಂಕ್, ಸೈಲೆನ್ಸರ್ ಪೈಪ್ ಇರುತ್ತೆ, ಜೊತೆಗೆ ಡೀಸೆಲ್ ಟ್ಯಾಂಕ್, ಬ್ಯಾಟರಿ ಪೆಟ್ಟಿಗೆ. ಜಾಗ ಅಳೆಯದೆ ಮುಂದುವರಿಯೋ ಹಾಗಿಲ್ಲ. ಒಳಗಿನ ಅಗಲವೇ ಸುಮಾರು 90 ಇಂಚು. ಸ್ಲೈಡ್ ಒಳಗಿದ್ದಾಗಲೂ ಡ್ರೈವರ್ ಸೀಟಿನಿಂದ ಹಿಂದಿನ ತುರ್ತು ಬಾಗಿಲಿಗೆ ಮನುಷ್ಯ ನಡೆದು ಹೋಗೋ ಹಾಗಿರಬೇಕು. ಕಿಟಕಿಯಿಂದ ಮೇಲಕ್ಕೆ ಗೋಡೆ ಬಾಗೋಕೆ ಶುರುವಾಗುತ್ತೆ, ಹಾಗಾಗಿ ಚಾವಣಿ ಎತ್ತಿಸದೆ ಸ್ಲೈಡಿನೊಳಗೆ ನೆಟ್ಟಗೆ ನಿಲ್ಲೋಕೂ ಆಗಲ್ಲ. ಇದನ್ನೂ ನಮಗೆ ಯಾರೂ ಹೇಳಲಿಲ್ಲ.

ದುಡ್ಡಿನ ವಿಷಯಕ್ಕೆ ಬರ್ತೀನಿ. ಅರ್ಧ ಮೊದಲೇ ಬೇಕು, ಅದೂ ಝೆಲ್‌ನಲ್ಲೇ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ದುಡ್ಡು ಕಳಿಸೋ ವ್ಯವಸ್ಥೆ) ಬೇಕು ಅಂದ. ಝೆಲ್‌ನಲ್ಲಿ ಹೋದ ದುಡ್ಡು ಕೈಯಲ್ಲಿ ಕೊಟ್ಟ ನೋಟಿದ್ದ ಹಾಗೆ, ತಿರುಗಿ ನೋಡಲ್ಲ. ಕ್ರೆಡಿಟ್ ಕಾರ್ಡ್ ತಗೊಳ್ಳಲ್ಲ ಅಂದ್ರೆ ಅಲ್ಲಿಂದಲೇ ಎದ್ದು ಬನ್ನಿ. ಕೊನೆ ಕಂತು ತಡೆಹಿಡಿದಿದ್ದಕ್ಕೆ "ಬಸ್ ನನ್ನ ಯಾರ್ಡಿನಲ್ಲಿದೆ, ಲೀನ್ ಹಾಕ್ತೀನಿ" ಅಂತ ಬೆದರಿಸಿದ. ಟೆಕ್ಸಾಸಿನಲ್ಲಿ ರಿಪೇರಿ ದುಡ್ಡು ಬಾಕಿ ಇದ್ರೆ ಗ್ಯಾರೇಜಿನವರಿಗೆ ಗಾಡಿ ಹಿಡಿದಿಟ್ಟುಕೊಳ್ಳೋ ಹಕ್ಕಿದೆ, ಅದೇ ಲೀನ್, ಅದು ಅವರಿಗೆ ಚೆನ್ನಾಗಿ ಗೊತ್ತು. ಬಸ್ ಬಿಡಿಸಿಕೊಂಡು ಬರೋಕೆ ಪೂರ್ತಿ ಕಟ್ಟಬೇಕಾಯ್ತು. ರಸೀದಿ ಮೇಲೆ "ತಕರಾರಿನೊಂದಿಗೆ ಪಾವತಿ" ಅಂತ ಬರೆದೇ ಕಟ್ಟಿದ್ವಿ, ನೀವೂ ಹಾಗೇ ಬರೆಯಿರಿ. ಟೆಕ್ಸಾಸಿನ ಜಸ್ಟಿಸ್ ಕೋರ್ಟಿನಲ್ಲಿ 20,000 ಡಾಲರ್‌ವರೆಗಿನ ದಾವೆ ಹಾಕಬಹುದು, ವಕೀಲರೇ ಬೇಕು ಅಂತಿಲ್ಲ. ನಾವು ಹಾಕ್ತಿದ್ದೀವಿ.

ಈಗ ಸ್ಲೈಡನ್ನು ಒಳಗೆಳೆದು, ನಾಲ್ಕೂ ಮೂಲೆಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದೀವಿ. ಆ ಫ್ರೇಮ್ ವೆಲ್ಡರ್ ತೊಲೆ ಬದಲಾಯಿಸೋವರೆಗೆ ಬಸ್ಸನ್ನು ಹೈವೇಗೆ ಇಳಿಸಲ್ಲ.

ಯಾವುದಾದ್ರೂ ಶಾಪ್ ಜೊತೆ ಮಾತಾಡ್ತಿರೋರು ಇದ್ರೆ ಮೂರೇ ಮೂರು ಕೇಳಿ: ತೊಲೆಯ ಅಳತೆ, ಅದರ ತುದಿ ಯಾವ ಕಮಾನಿಗೆ ಸೇರುತ್ತೆ ಅನ್ನೋ ಡ್ರಾಯಿಂಗು, ಮತ್ತೆ ಅವರೇ ಹಿಂದೆ ಮಾಡಿದ ಬಸ್ಸಿನ ಒಂದು ಚಕ್ರ ದಿಮ್ಮಿ ಮೇಲಿಟ್ಟು ಸ್ಲೈಡ್ ತೆಗೆದು ಹಾಕೋ ವಿಡಿಯೋ. ಒಳಗಿನ ಪ್ಯಾನೆಲ್ ಮುಚ್ಚೋ ಮುಂಚೆ ನೀವೇ ಹೋಗಿ ವೆಲ್ಡಿನ ಫೋಟೋ ತೆಗೀರಿ. ಟೆಕ್ಸಾಸಿನಲ್ಲಿ ಹತ್ತಡಿ ಸ್ಲೈಡು, ಅರ್ಧ ಅಡ್ವಾನ್ಸು, ಡ್ರಾಯಿಂಗ್ ತಲೇಲಿದೆ ಅನ್ನೋ ಮಾತು ನಿಮ್ಮ ಕಿವಿಗೂ ಬಿದ್ದಿದ್ರೆ ನಮಗೊಂದು ಮೆಸೇಜ್ ಹಾಕಿ, ಫೋಟೋ ಎಲ್ಲಾ ಕಳಿಸ್ತೀವಿ.