ನಾಸಾ ವರ್ಲ್ಡ್‌ವ್ಯೂ: ಹೊಗೆ, ಧೂಳಿನ ಜಾಡು ಹಿಡಿಯಲು ನಾನು ನಂಬುವ ತಾಣ

ಉಪಗ್ರಹ ಚಿತ್ರಗಳನ್ನು ತೋರಿಸುವ ನಾಸಾದ ವರ್ಲ್ಡ್‌ವ್ಯೂ ತಾಣವನ್ನು ನಾನು 2018ರ ನವೆಂಬರ್‌ನಿಂದ ಬಳಸುತ್ತಿದ್ದೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗಳಿಗೆ ಆಸ್ತಮಾ ಇದೆ. ಆ ವರ್ಷ ಪ್ಯಾರಡೈಸ್ ಊರನ್ನು ಸುಟ್ಟ ‘ಕ್ಯಾಂಪ್ ಫೈರ್’ ಎಂಬ ಕಾಡ್ಗಿಚ್ಚಿನ ಹೊಗೆ ಸುಮಾರು ಎರಡು ವಾರ ನಮ್ಮ ಮೇಲೆ ಕೂತುಬಿಟ್ಟಿತ್ತು. ಬೆಂಕಿ ಇದ್ದದ್ದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಅಷ್ಟು ದೂರದ ಹೊಗೆ ಯಾವ ದಾರಿಯಲ್ಲಿ ನಮ್ಮ ಮನೆ ಬಾಗಿಲಿಗೆ ಬರುತ್ತಿದೆ ಎಂದು ಕಣ್ಣಾರೆ ತೋರಿಸಿದ್ದು ಈ ತಾಣ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಜಾಹೀರಾತು ಕಾಟವೂ ಇಲ್ಲ.

ತೆರೆದ ಕೂಡಲೇ ಭೂಮಿಯ ಬಣ್ಣದ ಚಿತ್ರ ಬರುತ್ತದೆ. ಕೆಳಗೆ ದಿನಾಂಕದ ಪಟ್ಟಿ. ಅದನ್ನು ಹಿಂದಕ್ಕೆ ಎಳೆದರೆ ನಿನ್ನೆ, ಮೊನ್ನೆ, 2000ನೇ ಇಸವಿಯವರೆಗೂ ಹೋಗಬಹುದು. ಟೆರಾ, ಅಕ್ವಾ, ಸುವೋಮಿ ಎನ್‌ಪಿಪಿ, ನೋವಾ-20 ಮುಂತಾದ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ ತೆಗೆದ ಚಿತ್ರಗಳಿವು. ಹಾದುಹೋದ ಮೂರ್ನಾಲ್ಕು ಗಂಟೆಯಲ್ಲಿ ಚಿತ್ರ ನಮ್ಮ ಕೈಗೆ ಸಿಗುತ್ತದೆ. ಮೋಡ ಬೆಳ್ಳಗೆ, ಅಂಚು ಗಟ್ಟಿಯಾಗಿ ಕಾಣುತ್ತದೆ. ಹೊಗೆ ಕಂದು ಮಿಶ್ರಿತ ಬೂದು, ಅಂಚು ಹರಡಿಕೊಂಡಿರುತ್ತದೆ. ನಾಲ್ಕು ದಿನ ನೋಡಿದರೆ ಕಣ್ಣು ಪಳಗುತ್ತದೆ.

ಈ ತಾಣದಲ್ಲಿ ಬೇರೆ ಬೇರೆ ಮಾಹಿತಿಯನ್ನು ಪದರಗಳಾಗಿ ಒಂದರ ಮೇಲೊಂದು ಹಾಕಿಕೊಳ್ಳಬಹುದು. ನಾನು ಸದಾ ಇಟ್ಟುಕೊಳ್ಳುವ ಪದರ ಮೂರು. ಮೊದಲನೆಯದು ಸಹಜ ಬಣ್ಣದ ಚಿತ್ರ. ಎರಡನೆಯದು ಬೆಂಕಿಯ ಕೆಂಪು ಚುಕ್ಕೆಗಳು. ಮೂರನೆಯದು ಏರೋಸಾಲ್ ಇಂಡೆಕ್ಸ್, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಸೂಚ್ಯಂಕ. ಇದು ಅತಿನೇರಳೆ ಬೆಳಕನ್ನು ಹೀರುವ ಕಣಗಳನ್ನು ಹಿಡಿಯುತ್ತದೆ. ಹಾಗಾಗಿ ಮೋಡದ ಮೇಲೆ ತೇಲುವ ಹೊಗೆಯೂ ಸಿಗುತ್ತದೆ, ಮರಳುಗಾಡಿನ ಮೇಲಿನ ಧೂಳೂ ಸಿಗುತ್ತದೆ. ಮಣ್ಣಿನ ಬಣ್ಣದ ಧೂಳು ಮಣ್ಣಿನ ಮೇಲೆ ಹಾರುವಾಗ ಬರಿ ಚಿತ್ರದಲ್ಲಿ ಹೇಗೆ ತಾನೇ ಕಾಣಬೇಕು, ಅಲ್ವಾ? ಸಮುದ್ರದ ಮೇಲೆ ಬಂದರೆ ಮಾತ್ರ ಸ್ಪಷ್ಟ. 2020ರ ಜೂನ್‌ನಲ್ಲಿ ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಕೆರಿಬಿಯನ್ ತಲುಪಿದ್ದನ್ನು ದಿನ ದಿನ ಹಿಂಬಾಲಿಸಿದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಹೊರಟ ಧೂಳು ಅರಬ್ಬಿ ಸಮುದ್ರ ಹಾದು ಗುಜರಾತ್, ಮುಂಬೈ ಮೇಲೆ ಬಿದ್ದದ್ದನ್ನೂ ಹೀಗೇ ನೋಡಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಉಪಗ್ರಹಕ್ಕೆ ಹೊಗೆ ಕಾಣುತ್ತದೆ, ಆದರೆ ಅದು ಎಷ್ಟು ಎತ್ತರದಲ್ಲಿದೆ ಎಂದು ಈ ಚಿತ್ರ ಹೇಳುವುದಿಲ್ಲ. ಅಟ್ಟದಲ್ಲಿ ತುಂಬಿದ ಹೊಗೆಯೋ ಅಡುಗೆಮನೆಯಲ್ಲಿ ತುಂಬಿದ ಹೊಗೆಯೋ, ಸೂರಿನ ಮೇಲಿಂದ ಇಣುಕುವವರಿಗೆ ಎರಡೂ ಒಂದೇ. 2020ರ ಸೆಪ್ಟೆಂಬರ್ 9ರಂದು ಕಾಡ್ಗಿಚ್ಚಿನ ಹೊಗೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೀದಿ ದೀಪ ಉರಿಯುತ್ತಿದ್ದವು. ಚಿತ್ರದಲ್ಲಂತೂ ಕರಾವಳಿಯೇ ಕಾಣದಷ್ಟು ಹೊಗೆ. ಆದರೆ ಆ ಬೆಳಿಗ್ಗೆ ನೆಲಮಟ್ಟದ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಸಮುದ್ರದಿಂದ ಬಂದ ತಣ್ಣನೆಯ ಮಂಜಿನ ಪದರ ಹೊಗೆಯನ್ನು ಮೇಲೆಯೇ ತಡೆದಿತ್ತು. ಮುಂದಿನ ದಿನಗಳಲ್ಲಿ ಆಕಾಶದ ಬಣ್ಣ ತಿಳಿಯಾಯಿತು, ಹೊಗೆ ಕೆಳಗಿಳಿಯಿತು, ಆಗ ಗಾಳಿ ನಿಜವಾಗಿಯೂ ಹದಗೆಟ್ಟಿತು. ಮಗಳನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸಲು ವರ್ಲ್ಡ್‌ವ್ಯೂ ಒಂದನ್ನೇ ನೋಡಬೇಡಿ ಎಂದು ಎಲ್ಲರಿಗೂ ಹೇಳುವುದು ಇದಕ್ಕೇ. ನಾನು ಜೊತೆಗೆ ಅಮೆರಿಕ ಸರ್ಕಾರದ ಗಾಳಿ ಗುಣಮಟ್ಟದ ತಾಣವಾದ ಏರ್‌ನೌನ ಬೆಂಕಿ ಮತ್ತು ಹೊಗೆ ನಕ್ಷೆಯನ್ನು ತೆರೆದಿಡುತ್ತೇನೆ. ಅದರಲ್ಲಿ ಸರ್ಕಾರಿ ಮಾಪಕಗಳೂ ಇವೆ, ಜನ ಮನೆಗಳಲ್ಲಿ ಹಾಕಿಕೊಂಡ ಪರ್ಪಲ್‌ಏರ್ ಮಾಪಕಗಳೂ ಇವೆ. ಮೂಗಿನ ಮಟ್ಟದ ಗಾಳಿಗೆ ಅದು, ಹೊಗೆಯ ದಾರಿಗೆ ಇದು.

ಎರಡನೇ ಕೊರತೆ ಹೊತ್ತಿನದು. ಈ ಉಪಗ್ರಹಗಳು ಹಗಲಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಒಮ್ಮೆ ಇಣುಕಿ ಹೋಗುತ್ತವೆ. ಮೂರು ಗಂಟೆಗೆ ಹೊತ್ತಿದ ಬೆಂಕಿ ಅಂದಿನ ಚಿತ್ರದಲ್ಲಿ ಇರುವುದಿಲ್ಲ. ಪಂಜಾಬಿನ ಕೂಳೆ ಸುಡುವ ವಿಷಯದಲ್ಲಿ ಇದು ದೊಡ್ಡ ಚರ್ಚೆಯೇ ಆಯಿತು. 2024ರಲ್ಲಿ ನಾಸಾದ ವಿಜ್ಞಾನಿಯೊಬ್ಬರು ಸದಾ ಒಂದೇ ಪ್ರದೇಶವನ್ನು ನೋಡುತ್ತಿರುವ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರ ಮುಂದಿಟ್ಟು, ಧ್ರುವ ಸುತ್ತುವ ಈ ಉಪಗ್ರಹಗಳು ದಾಟಿದ ಮೇಲೆ ಬೆಂಕಿ ಜಾಸ್ತಿ ಬೀಳುತ್ತಿದೆ ಎಂದು ತೋರಿಸಿದರು. ಆದ್ದರಿಂದ ಚುಕ್ಕೆ ಎಣಿಸಿ ಬೆಂಕಿ ಕಡಿಮೆಯಾಯಿತು ಎನ್ನುವ ಸುದ್ದಿಯನ್ನು ನಾನು ಸುಮ್ನೆ ನಂಬುವುದಿಲ್ಲ. ಅಮೆರಿಕದಲ್ಲಿರುವವರಿಗೆ ಗೋಸ್ ಎಂಬ ಭೂಸ್ಥಿರ ಉಪಗ್ರಹದ ಹತ್ತು ನಿಮಿಷಕ್ಕೊಂದು ಚಿತ್ರ ಇಲ್ಲೇ ಸಿಗುತ್ತದೆ. ಕರ್ನಾಟಕಕ್ಕೆ ಆ ಸೌಲಭ್ಯವಿಲ್ಲ. ಅಲ್ಲಿಯವರು ಇಸ್ರೋದ ಮೋಸ್ಡ್ಯಾಕ್ ತಾಣದಲ್ಲಿ ಇನ್ಸಾಟ್ ಚಿತ್ರಗಳನ್ನು ನೋಡಬೇಕು.

ಊರಿನ ಕಾಡಿಗೂ ಇದು ಕೆಲಸಕ್ಕೆ ಬರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದು ನೆನಪಿದೆಯಲ್ಲ. ಸುಮಾರು 4,400 ಹೆಕ್ಟೇರ್ ಸುಟ್ಟಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ಲೆಕ್ಕ ಕೊಟ್ಟದ್ದೂ ಉಪಗ್ರಹ ಚಿತ್ರದಿಂದಲೇ. ವರ್ಲ್ಡ್‌ವ್ಯೂನಲ್ಲಿ ಬೆಂಕಿಗೆ ಮುಂಚಿನ ದಿನ, ನಂತರದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು, ನಡುವಿನ ಗೆರೆ ಎಳೆದು ಹೋಲಿಸಬಹುದು. ಇನ್‌ಫ್ರಾರೆಡ್ ಬಣ್ಣದ ಪದರ ಹಾಕಿದರೆ ತೆಳು ಹೊಗೆ ಮಾಯವಾಗಿ ಸುಟ್ಟ ನೆಲ ಕಪ್ಪು ಕೆಂಪಾಗಿ ಎದ್ದು ಕಾಣುತ್ತದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತ ಆ ಕಲೆ ಹರಡಿದ್ದು ನೋಡಿ ಹೊಟ್ಟೆ ಉರಿಯಿತು. ಇನ್ನೊಂದು ಮಾತು. ಕರ್ನಾಟಕ ನೋಡುವವರು ಸುವೋಮಿ ಎನ್‌ಪಿಪಿ, ನೋವಾ-20 ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಕ್ಯಾಮೆರಾದ ಪದರವನ್ನೇ ಆರಿಸಿಕೊಳ್ಳಿ. ಟೆರಾ, ಅಕ್ವಾದಲ್ಲಿರುವ ಹಳೆಯ ಮೋಡಿಸ್ ಕ್ಯಾಮೆರಾ ಒಂದು ಸುತ್ತಿನಲ್ಲಿ ನೋಡುವ ನೆಲದ ಪಟ್ಟಿ ಕಿರಿದು. ನಮ್ಮ ಅಕ್ಷಾಂಶದಲ್ಲಿ ಪಟ್ಟಿಗಳ ನಡುವೆ ಕಪ್ಪು ಖಾಲಿ ಜಾಗ ಬಿಡುತ್ತದೆ. ನಿಮಗೆ ಬೇಕಾದ ಜಿಲ್ಲೆ ಅಂದೇ ಅದರೊಳಗೆ ಸಿಕ್ಕಿಬೀಳಬಹುದು. ಮಳೆಗಾಲದಲ್ಲಂತೂ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕೆಂಪು ಚುಕ್ಕೆಗಳ ಬಗ್ಗೆಯೂ ಒಂದಿಷ್ಟು ಎಚ್ಚರ ಬೇಕು. ವಿಐಐಆರ್‌ಎಸ್‌ನ ಒಂದು ಚುಕ್ಕೆ ಎಂದರೆ 375 ಮೀಟರ್ ಚೌಕದಲ್ಲಿ ಎಲ್ಲೋ ಬಿಸಿ ಇದೆ ಎಂದಷ್ಟೇ ಅರ್ಥ, ಚೌಕವೆಲ್ಲಾ ಉರಿಯುತ್ತಿದೆ ಎಂದಲ್ಲ. ಉಕ್ಕಿನ ಕಾರ್ಖಾನೆಯ ಕುಲುಮೆಯೂ ಚುಕ್ಕೆಯಾಗಿ ಕಾಣಬಹುದು. ಒಂದೇ ಜಾಗದಲ್ಲಿ ವರ್ಷವಿಡೀ ಚುಕ್ಕೆ ಇದ್ದರೆ ಅದು ಕಾಡ್ಗಿಚ್ಚಲ್ಲ.

ಫೋನಿನಲ್ಲಿ ಬಳಸುವುದು ಕಷ್ಟ, ಪದರಗಳ ಪಟ್ಟಿ ಪರದೆಯನ್ನೆಲ್ಲಾ ತಿನ್ನುತ್ತದೆ. ಪದರಗಳು ಸಾವಿರಕ್ಕೂ ಹೆಚ್ಚಿವೆ, ಹೆಸರುಗಳು ಹೊಸಬರಿಗೆ ಅರ್ಥವಾಗುವಂತಿಲ್ಲ. ನಿಮಗೆ ಬೇಕಾದ ಮೂರ್ನಾಲ್ಕನ್ನು ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಜೋಡಿಸಿ. ಆ ಜೋಡಣೆಯೆಲ್ಲಾ ವಿಳಾಸದ ಸಾಲಿನಲ್ಲೇ ಉಳಿಯುತ್ತದೆ, ಕೊಂಡಿಯನ್ನು ಬುಕ್‌ಮಾರ್ಕ್ ಮಾಡಿಕೊಂಡರೆ ಸಾಕು. ನಮ್ಮ ಮನೆಯವರೆಲ್ಲರ ಫೋನಿನಲ್ಲೂ ಅದೇ ಕೊಂಡಿ ಇದೆ.