ಹಳೆಯ ಮಿರರ್ ದೋಣಿ: ಎರಡು ಅಂಟು, ಎರಡು ಹಲಗೆ, ಎರಡು ಹಾಯಿ

ಹಲಸು ಹಣ್ಣಾಗಿದೆಯೇ ಎಂದು ಕಡ್ಡಿ ಚುಚ್ಚಿ ನೋಡುತ್ತೇವಲ್ಲ, ಹಾಗೆ ದೋಣಿಯ ಹಿಂಬದಿಯ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದೆ. ಅದು ತಡೆಯೇ ಇಲ್ಲದೆ ಒಳಗೆ ಹೋಯಿತು. 120 ಪೌಂಡ್ ಕೊಟ್ಟು, ಕೈಗಾಡಿಯ ಸಮೇತ ಇಂಗ್ಲೆಂಡಿನ ನಾರಿಚ್‌ನ ನಮ್ಮ ಗ್ಯಾರೇಜಿಗೆ ತಂದ, ಮಿರರ್ ಎಂಬ ಪುಟ್ಟ ಹಾಯಿದೋಣಿ ಅದು. ದೋಣಿಯ ಬೆಲೆಯೂ ಸೇರಿ ಒಟ್ಟು ಖರ್ಚು 500 ಪೌಂಡ್ ದಾಟಬಾರದು ಎಂದು ಮನೆಯಲ್ಲಿ ಮಾತಾಗಿತ್ತು. ಆದ್ದರಿಂದ ಪ್ರತಿ ವಸ್ತುವಿನಲ್ಲೂ ಅಗ್ಗದ್ದು ಮತ್ತು ದುಬಾರಿಯದು ಎರಡನ್ನೂ ಸ್ವಲ್ಪ ಸ್ವಲ್ಪ ತಂದು, ಪರೀಕ್ಷಿಸಿ, ಆಮೇಲೆ ಆರಿಸಿಕೊಂಡೆ. ಒಂದು ಚಳಿಗಾಲ ಮತ್ತು ಅರ್ಧ ವಸಂತ ಹಿಡಿಯಿತು.

ಮಿರರ್ ಬಗ್ಗೆ ಎರಡು ಮಾತು. ಜ್ಯಾಕ್ ಹೋಲ್ಟ್ ಎಂಬ ದೋಣಿ ವಿನ್ಯಾಸಕಾರ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ 1962ರಲ್ಲಿ ರೂಪಿಸಿದ ದೋಣಿ ಇದು. ಉದ್ದ 3.3 ಮೀಟರ್, ತೂಕ ಸುಮಾರು 45 ಕಿಲೋ. ಡೈಲಿ ಮಿರರ್ ಪತ್ರಿಕೆಯ ಬೆಂಬಲದಿಂದ, ಬಿಡಿಭಾಗಗಳ ಪೆಟ್ಟಿಗೆಯಾಗಿ 63 ಪೌಂಡ್ 11 ಶಿಲ್ಲಿಂಗಿಗೆ ಮಾರಾಟಕ್ಕೆ ಬಂತು. ಸಾಮಾನ್ಯ ಸಂಬಳದವರು ಮನೆಯಲ್ಲೇ ಕಟ್ಟಿಕೊಳ್ಳಲಿ ಎಂಬುದೇ ಉದ್ದೇಶ. 70,000ಕ್ಕೂ ಹೆಚ್ಚು ಮಿರರ್‌ಗಳು ತಯಾರಾದವು. ಹಾಗಾಗಿ ಹಳೆಯವು ಇಂದಿಗೂ ಅಗ್ಗವಾಗಿ ಸಿಗುತ್ತವೆ.

ನನ್ನನ್ನು ಸೆಳೆದದ್ದು ಬೆಲೆಗಿಂತ ಹೆಚ್ಚಾಗಿ ಅದನ್ನು ಕಟ್ಟಿದ ರೀತಿ. ತೆಳು ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗ್ಲಾಸ್ ಫೈಬರ್ ಪಟ್ಟಿಯನ್ನು ರೆಸಿನ್ ಎಂಬ, ಒಣಗಿ ಗಟ್ಟಿಯಾಗುವ ಅಂಟಿನಿಂದ ಅಂಟಿಸುತ್ತಾರೆ. ನಾನು ಗಂಗೊಳ್ಳಿಯ ಕಡೆಯವನು. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ದೋಣಿ ಕಟ್ಟುವ ವಿದ್ಯೆ ಬಹಳ ಹಳೆಯದು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗನ್ನು ಕಟ್ಟಿದ್ದೂ ಹಾಗೆಯೇ. ಗ್ಯಾರೇಜಿನ ಮಂದ ಬೆಳಕಿನಲ್ಲಿ ಹಳೆಯ ಬಣ್ಣ ಕೆರೆಯುವಾಗ ತಾಮ್ರದ ಹೊಲಿಗೆಯ ತುದಿಗಳು ಒಂದೊಂದಾಗಿ ಮಿನುಗಿದವು. ಈ ದೋಣಿಯನ್ನು ಬಿಡಬಾರದು ಎಂದು ಆಗಲೇ ನಿಶ್ಚಯಿಸಿದೆ.

ಮೊದಲ ಸ್ಪರ್ಧೆ ಅಂಟಿನದು. ಪಾಲಿಯೆಸ್ಟರ್ ರೆಸಿನ್ ಒಂದು ಕಡೆ, ಎಪಾಕ್ಸಿ ರೆಸಿನ್ ಇನ್ನೊಂದು ಕಡೆ. ಮಿರರ್ ಹೊಲಿಗೆಗೆ ಮೂಲದಲ್ಲಿ ಹಚ್ಚುತ್ತಿದ್ದದ್ದು ಪಾಲಿಯೆಸ್ಟರನ್ನೇ, ಅರ್ಧ ಶತಮಾನ ತಾಳಿದ ದೋಣಿಗಳೂ ಇವೆ. ಹಾಗಿರುವಾಗ ಅದರ ಎರಡರಷ್ಟಕ್ಕಿಂತ ಹೆಚ್ಚು ಬೆಲೆಯ ಎಪಾಕ್ಸಿ ಏಕೆ ಎಂಬ ಪ್ರಶ್ನೆ ನನಗೂ ಇತ್ತು. ಉತ್ತರಕ್ಕಾಗಿ ಪ್ಲೈವುಡ್ ಚೂರುಗಳನ್ನು ಅಂಚಿಗೆ ಅಂಚು ಜೋಡಿಸಿ, ಆರು ಜೋಡಿಗೆ ಪಾಲಿಯೆಸ್ಟರಿನಿಂದ, ಆರು ಜೋಡಿಗೆ ಎಪಾಕ್ಸಿಯಿಂದ ಒಂದೇ ಬಗೆಯ ನೇಯ್ದ ಪಟ್ಟಿ ಅಂಟಿಸಿದೆ. ಮೂರು ವಾರ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟು, ಒಣಗಿಸಿ, ಮೊಣಕಾಲಿಗೆ ಒತ್ತಿ ಮುರಿದೆ.

ಪಾಲಿಯೆಸ್ಟರಿನ ಆರರಲ್ಲಿ ನಾಲ್ಕು ಜೋಡಿಗಳ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಎದ್ದು ಬಂತು. ಕೆಳಗಿನ ಮರಕ್ಕೆ ಒಂದು ಗೀರೂ ಆಗಿರಲಿಲ್ಲ. ಎಪಾಕ್ಸಿಯದು ಒಂದೂ ಹಾಗೆ ಬಿಡಲಿಲ್ಲ. ಮುರಿದಾಗ ಮರವೇ ಮುರಿಯಿತು, ಪಟ್ಟಿಯ ಹಿಂದೆ ನಾರು ಕಿತ್ತು ಬಂತು. ಎರಡೂ ಅಂಟು ಗಟ್ಟಿಯೇ. ವ್ಯತ್ಯಾಸವಿರುವುದು ಮರವನ್ನು ಹಿಡಿಯುವ ಶಕ್ತಿಯಲ್ಲಿ, ಅದರಲ್ಲೂ ಮರ ನೀರು ಕುಡಿದು ಉಬ್ಬಿ ಮತ್ತೆ ಕುಗ್ಗಿದ ಮೇಲೆ. ಹಳೆಯ ಪಾಲಿಯೆಸ್ಟರಿನ ಮೇಲೆ, ಚೆನ್ನಾಗಿ ಉಜ್ಜಿದರೆ, ಎಪಾಕ್ಸಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಹಳೆಯ ದೋಣಿಯಲ್ಲಿ ಹಿಂದಿನವರು ಎಲ್ಲಿ ಏನು ಹಚ್ಚಿದ್ದಾರೋ ಹೇಳಲಾಗದು. ಈ ಒಂದು ಕಾರಣವೇ ನನಗೆ ಸಾಕಾಯಿತು.

ಪಾಲಿಯೆಸ್ಟರಿನ ಪರವಾಗಿಯೂ ಹೇಳಬೇಕು. ಒಂದೆರಡು ಶೇಕಡಾ ಗಟ್ಟಿಕಾರಕ ಬೆರೆಸಿದರೆ ಗಂಟೆಯೊಳಗೆ ಕಟ್ಟಿಕೊಳ್ಳುತ್ತದೆ, ಅಳತೆ ತುಸು ತಪ್ಪಿದರೂ ಕ್ಷಮಿಸುತ್ತದೆ. ಎಪಾಕ್ಸಿ ಕ್ಷಮಿಸುವುದಿಲ್ಲ. ನಾನು ತಂದದ್ದು ಎರಡು ಪಾಲು ರೆಸಿನ್‌ಗೆ ಒಂದು ಪಾಲು ಗಟ್ಟಿಕಾರಕ ಬೆರೆಸಬೇಕಾದದ್ದು. ಒಮ್ಮೆ ಕಣ್ಣಂದಾಜಿನಲ್ಲಿ ಬೆರೆಸಿದ ಬಟ್ಟಲು ವಾರವಾದರೂ ಅಂಟಂಟಾಗಿಯೇ ಉಳಿಯಿತು, ಅದನ್ನು ಪೂರ್ತಿ ಕೆರೆದು ತೆಗೆಯಬೇಕಾಯಿತು. ಆಮೇಲೆ ಅಡುಗೆಮನೆಯ ತಕ್ಕಡಿಯಿಲ್ಲದೆ ಕೈ ಹಾಕಲಿಲ್ಲ. ಫೆಬ್ರವರಿಯ ಚಳಿಯಲ್ಲಿ ಡಬ್ಬಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ತೆಳುವಾಗಿಸಿ, ಅಂಟಿಸಿದ ಜಾಗದ ಮೇಲೆ ಹಳೆಯ ಕಂಬಳಿ ಹೊದಿಸಿ, ಒಳಗೊಂದು ಬಲ್ಬು ಉರಿಸಿಟ್ಟೆ. ಗಟ್ಟಿಯಾದ ಮೇಲೆ ಮೇಲ್ಮೈಗೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ನೀರಿನಿಂದ ತೊಳೆಯದೆ ಬಣ್ಣ ಬಳಿದರೆ ಬಣ್ಣ ನಿಲ್ಲುವುದಿಲ್ಲ.

ಕೈಗವಸು ಮಾತ್ರ ಎಂದೂ ಮರೆಯಬಾರದು. ಊರಿನಲ್ಲಿ ದೋಣಿಗೆ ಗೇರೆಣ್ಣೆ ಬಳಿಯುವವರ ಕೈ ಸುಟ್ಟು ಚರ್ಮ ಏಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಎಪಾಕ್ಸಿಯ ಗಾಯ ಹಾಗೆ ತಕ್ಷಣ ಕಾಣುವುದಿಲ್ಲ. ಹಲವು ಸಲ ಸೋಕಿದ ಮೇಲೆ ಒಂದು ದಿನ ಮೈಗೆ ಒಗ್ಗದಂತಾಗುತ್ತದೆ, ಆಮೇಲೆ ಜೀವಮಾನವಿಡೀ ಅದರ ಹತ್ತಿರ ಹೋಗಲಾಗದೆ ಇರಬಹುದು. (ಮಿರರ್‌ಗೆ ಗೇರೆಣ್ಣೆಯನ್ನೇ ಹಚ್ಚಬಾರದೇ ಎಂದು ಅಣ್ಣ ಫೋನಿನಲ್ಲಿ ಕೇಳಿದ. ದಪ್ಪ ಮರದ ದೋಣಿಗೆ ಅದು ಒಳ್ಳೆಯದೇ. ಆದರೆ ಎಣ್ಣೆ ಕುಡಿದ ಪ್ಲೈವುಡ್‌ಗೆ ಮುಂದೆ ಯಾವ ಅಂಟೂ ಹತ್ತುವುದಿಲ್ಲ.)

ಎರಡನೆಯದು ಹಲಗೆ. ಕೊಳೆತ ಭಾಗ ಕತ್ತರಿಸಿದಾಗ ಹಿಂಬದಿಯ ಹಲಗೆಯ ಕೆಳಗಿನ ಎರಡು ಮೂಲೆಗಳೂ ದೋಣಿಯನ್ನು ತೇಲಿಸುವ ಮುಂದಿನ ಗಾಳಿಪೆಟ್ಟಿಗೆಯ ತಳವೂ ಹೋದವು. ಉಪ್ಪುನೀರಿಗಿಂತ ಮಳೆನೀರೇ ಮರವನ್ನು ಹೆಚ್ಚು ಕೊಳೆಸುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಾರೆ. ಈ ದೋಣಿಗೆ ವರ್ಷಗಟ್ಟಲೆ ಆ ಕಾಳಜಿ ಸಿಕ್ಕಿರಲಿಲ್ಲ.

ಬಿಎಸ್ 1088 ಎಂಬ ಬ್ರಿಟಿಷ್ ಗುಣಮಟ್ಟದ ಮುದ್ರೆಯ ಮರೀನ್ ಪ್ಲೈ (ದೋಣಿಗಳಿಗೆಂದೇ ಮಾಡಿದ ಪ್ಲೈವುಡ್) ಮತ್ತು ಕಟ್ಟಡಗಳ ಹೊರಗೆ ಬಳಸುವ ಪ್ಲೈ, ಎರಡರ ಚೂರುಗಳನ್ನೂ ಒಂದು ಗಂಟೆ ಕುದಿಸಿದೆ. ನನ್ನ ನಿರೀಕ್ಷೆಗೆ ವಿರುದ್ಧವಾಗಿ ಯಾವುದರ ಪದರವೂ ಬಿಡಲಿಲ್ಲ. ಅಂಟು ಎರಡರಲ್ಲೂ ನೀರು ತಾಳುವಂಥದ್ದೇ. ಗರಗಸ ಹಾಕಿದಾಗ ವ್ಯತ್ಯಾಸ ಕಂಡಿತು. ಅಗ್ಗದ ಪ್ಲೈಯ ನಡುಪದರದಲ್ಲಿ ಕಿರುಬೆರಳು ತೂರುವಷ್ಟು ಪೊಳ್ಳು ಇತ್ತು. ಅಂಥಲ್ಲಿ ನೀರು ನಿಂತರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಹಲಗೆ ಬಾಗಿಸಿದಾಗ ಬಿರುಕೂ ಅಲ್ಲಿಂದಲೇ ಶುರು. ನೀರಿಗೆ ತಾಗುವ ಕಡೆಗೆಲ್ಲ ಮರೀನ್ ಪ್ಲೈ ಹಾಕಿದೆ, ಅರ್ಧ ಹಾಳೆಗೆ 55 ಪೌಂಡ್. ಪೆಟ್ಟಿಗೆಯ ಮುಚ್ಚಳಕ್ಕೆ ಅಗ್ಗದ್ದು ಸಾಕಾಯಿತು.

ಬಣ್ಣಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದು ಬದಿಗೆ ದೋಣಿಗಳಿಗೆಂದೇ ಮಾರುವ ಎನಾಮೆಲ್, ಇನ್ನೊಂದಕ್ಕೆ ಬಾಗಿಲಿಗೆ ಬಳಿಯುವ ತೈಲವರ್ಣ ಹಚ್ಚಿದೆ. ಒಂದು ಋತು ಕಳೆದ ಮೇಲೆ ಬಾಗಿಲಿನ ಬಣ್ಣದ ಬದಿಯಲ್ಲಿ ಗೀರು ತುಸು ಹೆಚ್ಚು, ಅಷ್ಟೆ. ಸದಾ ನೀರಿನಲ್ಲಿ ಬಿಟ್ಟಿರುವ ದೋಣಿಗೆ ಈ ಮಾತು ಹೊಂದದು. ಮಿರರ್ ಪ್ರತಿ ಸಂಜೆ ಗಾಡಿಯೇರಿ ಮನೆಗೆ ಬರುತ್ತದೆ. ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್ ಬಣ್ಣವನ್ನು ಪರೀಕ್ಷಿಸಲೂ ಹೋಗಲಿಲ್ಲ. ಅದರ ಐಸೋಸಯನೇಟ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯ ಗ್ಯಾರೇಜ್ ಅದಕ್ಕೆ ತಕ್ಕ ಜಾಗವಲ್ಲ.

ಹಾಯಿಯ ಕಥೆ ಬೇರೆ. ಬಂದ ಹಾಯಿ ಇಲಿ ಕಡಿದು ಹೋಗಿತ್ತು. ಮೊದಲು ಟಾರ್ಪಾಲಿನ್ನಿನಿಂದಲೇ ಹೊಲಿದೆ. ಎರಡು ಬದಿ ಅಂಟುವ ಟೇಪಿನಿಂದ ಅಂಚು ಮಡಚಿ, ಮೇಲೆ ಹೊಲಿಗೆ ಹಾಕಿ, ಹಳೆಯ ಹಾಯಿಯ ಅಳತೆಗೆ ಕತ್ತರಿಸಿದ್ದು. ಒಟ್ಟು ಖರ್ಚು 22 ಪೌಂಡ್. ಹಿಕ್ಲಿಂಗ್ ಬ್ರಾಡ್ ಎಂಬ ಸರೋವರದಲ್ಲಿ ಅದನ್ನೇ ಏರಿಸಿ ಹೊರಟೆವು. ಬೆನ್ನಿನ ಗಾಳಿಗೆ ದೋಣಿ ಸೊಗಸಾಗಿ ಓಡಿತು, ಮಗಳು ಮುಂದೆ ಕುಳಿತು ಕೂಗಿದಳು. ಹಿಂದಿರುಗುವಾಗ ಗಾಳಿಗೆ ಎದುರಾಗಿ ಓರೆಯೋರೆಯಾಗಿ ಏರಬೇಕು. ಆಗ ಟಾರ್ಪಾಲಿನ್ ಕರ್ಣದ ದಿಕ್ಕಿಗೆ ಹಿಗ್ಗಿ ಹೊಟ್ಟೆ ಬಿಟ್ಟಿತು. ಹೋಗಲು ಇಪ್ಪತ್ತು ನಿಮಿಷ, ಬರಲು ಒಂದೂವರೆ ಗಂಟೆ. ಕೊನೆಗೆ ಹುಟ್ಟು ಹಾಕಿ ಬಂದೆವು.

ಮುಂದಿನ ತಿಂಗಳು 90 ಪೌಂಡಿಗೆ ಬಳಸಿದ ಕೆಂಪು ಡೇಕ್ರಾನ್ (ಹಾಯಿಗೆ ಬಳಸುವ ಪಾಲಿಯೆಸ್ಟರ್ ಬಟ್ಟೆ) ಹಾಯಿಗಳ ಜೋಡಿ ಕೊಂಡೆ. ಬಟ್ಟೆಯ ಗರಿ ಮುಕ್ಕಾಲು ಹೋಗಿದ್ದರೂ ಆಕಾರ ಉಳಿದಿತ್ತು. ಅದೇ ಸರೋವರ, ಹೆಚ್ಚುಕಡಿಮೆ ಅದೇ ಗಾಳಿ, ಹಿಂದಿರುಗಲು ಮೂವತ್ತೈದು ನಿಮಿಷ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು: ಬಣ್ಣದಲ್ಲಿ ಉಳಿಸಿದ ಹಣವನ್ನು ಎಪಾಕ್ಸಿಗೆ ಕೊಡಿ, ಟಾರ್ಪಾಲಿನ್ನಿಗೆ ಹಾಕುವ ಹಣವನ್ನು ಹಳೆಯ ಡೇಕ್ರಾನಿಗೆ ಸೇರಿಸಿ.

ಹಗ್ಗ, ಸ್ಕ್ರೂ, ಮರಳುಕಾಗದ ಎಲ್ಲ ಸೇರಿ ಲೆಕ್ಕ 471 ಪೌಂಡಿಗೆ ನಿಂತಿದೆ. ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಸುವ ಡ್ಯಾಗರ್‌ಬೋರ್ಡ್ ಎಂಬ ಹಲಗೆ ಕೂರುವ ಪೆಟ್ಟಿಗೆಯ ಬುಡದಲ್ಲಿ ಈಗಲೂ ಗಂಟೆಗೆ ಒಂದು ಲೋಟದಷ್ಟು ನೀರು ಜಿನುಗುತ್ತದೆ. ಉಳಿದ 29 ಪೌಂಡಿನಲ್ಲಿ ಇನ್ನೊಂದು ಸಣ್ಣ ಡಬ್ಬಿ ಎಪಾಕ್ಸಿ ತಂದು, ಅಕ್ಟೋಬರಿನಲ್ಲಿ ದೋಣಿ ಒಣಗಿದ ಕೂಡಲೇ ಆ ಪೆಟ್ಟಿಗೆಯನ್ನು ಬಿಚ್ಚುತ್ತೇನೆ.