ಗೆಂಡೆ ಮೀನಿಗೆ ಚಪ್ಪಟೆ ಮೆಥಡ್ ಫೀಡರ್: ತಳದ ಮೇವಿಗೆ ಉತ್ತಮ, ಕಾಟ್ಲಾಗೆ ಬೇಡ

ಗೆಂಡೆ ಹಿಡಿಯಲು ನಮ್ಮ ಕೆರೆಗಳಲ್ಲಿ ಹೆಚ್ಚಿನವರು ಬಳಸುವುದು ತಂತಿಯ ಸ್ಪ್ರಿಂಗನ್ನೇ. ಕಡಲೆಕಾಯಿ ಹಿಂಡಿ ಮತ್ತು ತೌಡನ್ನು ಕಲಸಿ, ಸ್ಪ್ರಿಂಗಿನ ಸುತ್ತ ಉಂಡೆಯಾಗಿ ಅಮುಕಿ, ಎರಡು ಮೂರು ಗಾಳಗಳನ್ನು ಅದರೊಳಗೆ ಹುದುಗಿಸಿ ಎಸೆಯುವ ಈ ಕ್ರಮ ಅಗ್ಗವಾದದ್ದು, ಮೀನನ್ನೂ ಕೊಡುತ್ತದೆ. ಆದರೆ ಉಂಡೆ ನೀರಿಗೆ ಬಿದ್ದ ಹೊಡೆತಕ್ಕೆ ಅರ್ಧ ಒಡೆದುಹೋಗುವುದು, ಸ್ಪ್ರಿಂಗ್ ತಳದಲ್ಲಿ ಯಾವ ಮಗ್ಗುಲಿಗೆ ಬಿದ್ದಿದೆ ಎಂಬುದು ತಿಳಿಯದಿರುವುದು, ಗಾಳಗಳು ಒಂದಕ್ಕೊಂದು ಸುತ್ತಿಕೊಳ್ಳುವುದು ಇವೆಲ್ಲ ಅದರ ಜೊತೆಗೇ ಬರುವ ತೊಡಕುಗಳು. ಇವನ್ನು ಮೇವನ್ನೂ ಗಾಳವನ್ನೂ ಒಟ್ಟಿಗೆ ತಳಕ್ಕೆ ಇಳಿಸುವ ಚಪ್ಪಟೆ ಮೆಥಡ್ ಫೀಡರ್ ಎಷ್ಟರ ಮಟ್ಟಿಗೆ ನಿವಾರಿಸುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಮೀನುಕೊಳಗಳಲ್ಲಿ ಬೆಳೆದುಬಂದ ಈ ಸಾಧನವನ್ನು ಪ್ರೆಸ್ಟನ್, ಡ್ರೆನನ್, ಗುರು ಮೊದಲಾದ ಅಲ್ಲಿನ ಕಂಪನಿಗಳು ತಯಾರಿಸುತ್ತವೆ. ಅವುಗಳ ಮಾದರಿಯಲ್ಲೇ ಮಾಡಿದ ಹೆಸರಿಲ್ಲದ ಸೆಟ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ರಚನೆ ಸರಳವಾಗಿದೆ. ತಳಭಾಗದಲ್ಲಿ ಸೀಸ ಅಥವಾ ಬೇರೆ ಲೋಹದ ಚಪ್ಪಟೆ ತೂಕ, ಅದರ ಮೇಲೆ ಮೇವನ್ನು ಹಿಡಿದಿಡುವ ಪ್ಲಾಸ್ಟಿಕ್ ಪಕ್ಕೆಲುಬುಗಳು, ನಡುವೆ ದಾರ ಹಾದುಹೋಗುವ ಕೊಳವೆ, ಜೊತೆಗೆ ಮೇವನ್ನು ಅಮುಕಲು ಒಂದು ಅಚ್ಚು. ತೂಕವೆಲ್ಲ ಕೆಳಭಾಗದಲ್ಲೇ ಇರುವುದರಿಂದ ಫೀಡರ್ ಬಹುಪಾಲು ಸಲ ಮೇವಿನ ಮುಖ ಮೇಲಾಗಿಯೇ ಕೂರುತ್ತದೆ. ಸ್ಪ್ರಿಂಗಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇದು ಏಕೆ ಮುಖ್ಯವೆಂದು ತಿಳಿಯಲು ಸಾಮಾನ್ಯ ಗೆಂಡೆ ಮೇಯುವ ಬಗೆಯನ್ನು ಗಮನಿಸಬೇಕು. ಅದರ ದವಡೆಯಲ್ಲಿ ಹಲ್ಲಿಲ್ಲ. ಅರೆಯುವ ಹಲ್ಲುಗಳಿರುವುದು ಗಂಟಲಿನಲ್ಲಿ. ಎರಡು ಜೊತೆ ಮೀಸೆಗಳಿಂದ ತಳವನ್ನು ತಡಕುತ್ತ, ಕೆಸರಿನ ಸಮೇತ ಆಹಾರವನ್ನು ಬಾಯೊಳಕ್ಕೆ ಹೀರಿ, ಬೇಡದ್ದನ್ನು ಹೊರಕ್ಕೆ ಉಗುಳುತ್ತದೆ. ಗಾಳದ ಎರೆಯೂ ಹೀಗೆ ಎಷ್ಟೋ ಸಲ ನಮ್ಮ ಅರಿವಿಗೇ ಬಾರದೆ ಒಳಹೋಗಿ ಹೊರಬರುತ್ತದೆ. ಚಪ್ಪಟೆ ಫೀಡರಿನಲ್ಲಿ ಗಾಳದ ದಾರ ಸುಮಾರು ಮೂರು ನಾಲ್ಕು ಇಂಚಿನಷ್ಟೇ ಉದ್ದವಿರುತ್ತದೆ. ಎರೆ ಮೇವಿನ ರಾಶಿಯ ಮೇಲೆಯೇ ಕುಳಿತಿರುತ್ತದೆ. ಹೀರಿದ ಮೀನು ತಲೆ ತಿರುಗಿಸಿದ ಕೂಡಲೇ ಫೀಡರಿನ ತೂಕವೇ ಗಾಳವನ್ನು ತುಟಿಗೆ ನಾಟಿಸುತ್ತದೆ. ಬೇಯಿಸಿದ ಮೆಕ್ಕೆಜೋಳದ ಕಾಳನ್ನು ಗಾಳಕ್ಕೆ ನೇರವಾಗಿ ಚುಚ್ಚದೆ, ಗಾಳದಿಂದ ಇಳಿಬಿಟ್ಟ ಸಣ್ಣ ಎಳೆಗೆ ಪೋಣಿಸುವ ಹೇರ್ ರಿಗ್ ವಿಧಾನ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಈ ಸಾಧನದ ಅರ್ಧ ಯಶಸ್ಸು ಇರುವುದು ಹಿಟ್ಟನ್ನು ಕಲಸುವುದರಲ್ಲಿ. ಇದಕ್ಕಾಗಿ ವಿದೇಶಿ ಪೆಲೆಟ್‌ಗಳನ್ನು (ಮೇವಿನ ಗುಳಿಗೆಗಳನ್ನು) ತರಿಸುವ ಅಗತ್ಯ ನನಗೆ ಕಂಡಿಲ್ಲ. ಮೀನು ಸಾಕಣೆಯಲ್ಲಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪಾಲಿನಲ್ಲಿ ಬೆರೆಸಿ ಕೊಡುವುದು ಹಳೆಯ ರೂಢಿಯಾಗಿದ್ದು, ಅದೇ ಮಿಶ್ರಣ ಇಲ್ಲಿಯೂ ನಡೆಯುತ್ತದೆ. ಹಿಂಡಿಯನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಬೇಕು, ದಪ್ಪ ಚೂರು ಉಳಿದರೆ ಅಚ್ಚಿನಿಂದ ಬಿಡಿಸುವಾಗ ಮೇವು ಬಿರುಕು ಬಿಡುತ್ತದೆ. ನೀರನ್ನು ಒಮ್ಮೆಲೇ ಸುರಿಯದೆ ಚಿಮುಕಿಸಿ, ಕಾಲು ಗಂಟೆ ನೆನೆಯಲು ಬಿಟ್ಟು, ಮತ್ತೆ ಚಿಮುಕಿಸಬೇಕು. ಪುಟ್ಟಿಗೆ ಕಲಸಿದ ಹಿಟ್ಟಿನಂತೆ, ಮುಷ್ಟಿಯಲ್ಲಿ ಹಿಡಿದರೆ ಗಟ್ಟಿಯಾಗಿ ನಿಲ್ಲಬೇಕು, ಬೆರಳಿನಿಂದ ಉಜ್ಜಿದರೆ ಉದುರಬೇಕು. ಸ್ಪ್ರಿಂಗಿಗೆ ರೂಢಿಯಾದ, ಮೈದಾ ಸೇರಿಸಿದ ಅಂಟು ಮುದ್ದೆಯನ್ನು ಇದಕ್ಕೆ ಮೆತ್ತಿದರೆ ಅದು ತಳದಲ್ಲಿ ಕರಗದೆ ಕುಳಿತು ಎರೆಯನ್ನು ಒಳಗೇ ಬಂಧಿಸಿಡುತ್ತದೆ. ಫೀಡರ್ ಕೆಲಸ ಮಾಡುವುದಿಲ್ಲ ಎಂದು ದೂರುವವರಲ್ಲಿ ಹಲವರ ಸಮಸ್ಯೆ ಇದೇ ಇರಬಹುದು. ಎಸೆಯುವ ಮೊದಲು ದಡದಲ್ಲೇ ಒಂದು ಬಕೆಟ್ ನೀರಿಗೆ ಫೀಡರನ್ನು ಇಳಿಸಿ, ಮೇವು ಕೆಲವು ನಿಮಿಷಗಳಲ್ಲಿ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡುವುದು ಒಳ್ಳೆಯದು. ಆಳದ ನೀರಿಗಾದರೆ ತುಸು ಬಿಗಿಯಾಗಿ, ಮೊಣಕಾಲುದ್ದದ ನೀರಿಗಾದರೆ ಸಡಿಲವಾಗಿ ಅಮುಕಬೇಕು.

ಪ್ರತಿ ಸಲವೂ ಬೇರೆ ಬೇರೆ ಕಡೆ ಎಸೆದರೆ ಫೀಡರ್ ಎಷ್ಟೇ ಒಳ್ಳೆಯದಿದ್ದರೂ ಮೇವು ಕೆರೆಯ ತುಂಬ ಚದುರಿಹೋಗುತ್ತದೆ. ಎದುರು ದಡದ ಒಂದು ಮರವನ್ನು ಗುರಿಯಾಗಿಟ್ಟುಕೊಂಡು, ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲ್ ಮೇಲಿನ, ದಾರವನ್ನು ಬೇಕಾದ ದೂರಕ್ಕೆ ತಡೆದು ನಿಲ್ಲಿಸುವ ಲೈನ್ ಕ್ಲಿಪ್ಪಿಗೆ ದಾರ ಸಿಕ್ಕಿಸಿದರೆ ದಿಕ್ಕೂ ದೂರವೂ ತಪ್ಪುವುದಿಲ್ಲ. ಫೀಡರ್ ತಳ ಮುಟ್ಟಿದ ಮೇಲೆ ಕ್ಲಿಪ್ಪಿನಿಂದ ದಾರ ಬಿಡಿಸುವುದನ್ನು ಮಾತ್ರ ಮರೆಯಬಾರದು. ದೊಡ್ಡ ಮೀನು ಹೊರಟರೆ ದಾರ ಅಲ್ಲಿಯೇ ತುಂಡಾಗುತ್ತದೆ. ಕವಣೆಯಿಂದ ಉಂಡೆ ಎಸೆಯುವುದಕ್ಕಿಂತ ಈ ಕ್ರಮದಲ್ಲಿ ಮೇವು ಬಹಳ ಕಡಿಮೆ ಖರ್ಚಾಗುತ್ತದೆ. ಮೊದಲ ಅರ್ಧ ಗಂಟೆ ಐದಾರು ನಿಮಿಷಕ್ಕೊಮ್ಮೆ ಎಳೆದು ಮತ್ತೆ ತುಂಬಿ ಎಸೆದು, ಮೀನು ಕೂಡಿದ ಮೇಲೆ ನಿಧಾನಿಸುವುದು ನನಗೆ ಸರಿಬಂದ ಲಯ.

ಇನ್ನು ಮಿತಿಗಳು. ನಮ್ಮ ಕೆರೆಗಳ ದೊಡ್ಡ ತೊಂದರೆ ಹೂಳು. ಐವತ್ತು ಗ್ರಾಂ ತೂಕದ ಫೀಡರ್ ಮೆತ್ತನೆಯ ಹೂಳಿನಲ್ಲಿ ಹುಗಿದುಹೋದರೆ ಚಪ್ಪಟೆ ತಳದ ಲಾಭವೆಲ್ಲ ವ್ಯರ್ಥ. ಮೂವತ್ತು ಗ್ರಾಮಿನದನ್ನೇ ಆರಿಸಿ, ಬರಿಯ ತೂಕವನ್ನು ಎಳೆದು ನೋಡಿ ಗಟ್ಟಿ ತಳವಿರುವ ಜಾಗವನ್ನು ಹುಡುಕಿಕೊಳ್ಳುವುದು ಉತ್ತಮ. ಜೊಂಡು ಬೆಳೆದಲ್ಲಿಯೂ ಇದು ಸಿಕ್ಕಿಕೊಳ್ಳುತ್ತದೆ.

ಕಾಟ್ಲಾ ಬೇಕೆನ್ನುವವರಿಗೆ ಇದನ್ನು ಶಿಫಾರಸು ಮಾಡಲಾರೆ. ಮೇಲ್ಮುಖವಾದ ಬಾಯಿಯ ಕಾಟ್ಲಾ ನೀರಿನ ಮೇಲಿನ ಸ್ತರದಲ್ಲಿ, ರೋಹು ನಡುಸ್ತರದಲ್ಲಿ, ಮೃಗಾಲ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವ ಮೀನುಗಳು. ಒಂದೇ ಕೊಳದಲ್ಲಿ ಇವನ್ನೆಲ್ಲ ಒಟ್ಟಿಗೆ ಸಾಕುವುದೂ ಈ ಭೇದವನ್ನೇ ನಂಬಿ. ತಳದಲ್ಲಿ ಅಂಗೈಯಗಲ ಮೇವು ಇಡುವ ಸಾಧನ ಕಾಟ್ಲಾದ ದಾರಿಗೇ ಬರುವುದಿಲ್ಲ. ಅದಕ್ಕೆ ಬೆಂಡಿನ ಕೆಳಗೆ ತೂಗುಬಿಟ್ಟು, ನೀರಿನಲ್ಲಿ ಮೋಡದಂತೆ ಹರಡುವ ನುಣ್ಣನೆಯ ಹಿಟ್ಟಿನ ಸ್ಪ್ರಿಂಗೇ ಮೇಲು.

ಅಗ್ಗದ ಸೆಟ್ ಕೊಳ್ಳುವವರು ಎರಡು ಅಂಶಗಳನ್ನು ಪರೀಕ್ಷಿಸಬೇಕು. ಅಚ್ಚಿನ ಅಳತೆ ಫೀಡರಿಗೆ ಸರಿಹೊಂದದಿದ್ದರೆ ಮೇವು ಒಂದು ಬದಿಗೆ ವಾಲಿ ಹಾರಾಟದಲ್ಲೇ ಉದುರುತ್ತದೆ. ಎರಡನೆಯದು ಇದಕ್ಕಿಂತ ಗಂಭೀರ: ದಾರ ತುಂಡಾದಾಗ ಫೀಡರ್ ದಾರದಿಂದ ಜಾರಿ ಕಳಚಿಕೊಳ್ಳುವಂತಿರಬೇಕು. ಮೇಲ್ಗಡೆ ಗಂಟನ್ನೋ ಸ್ಟಾಪರನ್ನೋ ಬಿಗಿದು ಅದನ್ನು ಕದಲದಂತೆ ಮಾಡಿದರೆ, ತಪ್ಪಿಸಿಕೊಂಡ ಮೀನು ಆ ತೂಕವನ್ನು ಎಳೆಯುತ್ತಲೇ ತಿರುಗಿ, ಜೊಂಡಿಗೆ ಸಿಕ್ಕಿ ಸಾಯಬಹುದು.